ಕೊನೆಯ ಕೊಡ

ಸಾಯುವ ದಿನ ಬೆಳಗ್ಗೆಯೂ ಜವರಪ್ಪನವರು, ಜಗಳ ಹೊತ್ತು ಬಂದ ಅಣ್ಣತಮ್ಮಂದಿರನ್ನು ಕೇಳಿದ್ದು ಅದೇ ಮಾತು: “ಇಬ್ರೂ ಉಂಡ್ರೇನ್ರಪ್ಪ?”

ಇಲ್ಲವೆಂದರು.

“ಓಗಿ, ಉಂಡ್ಬುಟ್ಟು ಸಾಯಂಕಾಲ ಬನ್ನಿ. ಅಸ್ದವ್ರ ನ್ಯಾಯ ನಾನ್ ಕೇಳಕಿಲ್ಲ.”

ಸ್ವಾತಂತ್ರ್ಯ ಬಂದ ವರ್ಷದಿಂದ ಹತ್ತು ವರ್ಷ ಅವರು ಒಂಟಿಕೊಪ್ಪಲಿನ ಒಂದು ಬೀದಿಗೆ ಯಜಮಾನರು. ಮುನ್ಸಿಪಾಲ್ಟಿ ನಲ್ಲಿ ಹಾಕಿಸಿ ಹೋಯಿತು. ಅದರ ಮುಂದೆ ಯಾರ ಕೊಡ ಮೊದಲು, ಯಾರ ಗೋಡೆ ಯಾರ ಮೋರಿಗೆ ಬಿತ್ತು, ಯಾರ ಸೊಸೆ ತವರಿಗೆ ಹೋಗಿ ಕೂತಳು ಎಂಬುದೆಲ್ಲ ತೀರುತ್ತಿದ್ದುದು ರಾಮಮಂದಿರದ ಜಗಲಿಯಲ್ಲಿ ಕೂರುವ ಐದು ಜನರ ಪಂಚಾಯ್ತಿಯಲ್ಲಿ. ಎಡಗಾಲು ಎಳೆದು ನಡೆಯುತ್ತಿದ್ದ ಜವರಪ್ಪನವರ ಬೂದು ಕೋಟಿನ ಜೇಬಿನಲ್ಲಿ ಸದಾ ಎರಡು ವೀಳ್ಯದೆಲೆ. ನ್ಯಾಯ ಮುಗಿದ ಮೇಲೆ ಜಗಳದವರಿಗೆ ಒಂದೊಂದು.

ಬಾಣಂತಿ ಮನೆಯ ಕೊಡ ಮೊದಲು, ಯಜಮಾನನ ಮನೆಯದು ಕೊನೆಗೆ. ಅದು ಅವರೇ ಮಾಡಿದ ಕಟ್ಟಳೆ. ಮೂರು ದಿನದಿಂದ ಅರ್ಧ ಕೊಡಕ್ಕೇ ನೀರು ನಿಂತು, ಹೆಂಡತಿ ಮಹದೇವಮ್ಮನಿಗೆ ರೇಗಿತ್ತು. ಅದೇ ಬೆಳಗ್ಗೆ ಕೊಡವನ್ನು ಸಾಲಿನ ತಲೆಗೇ ಇಟ್ಟಳು. ಬಾಣಂತಿ ಭಾಗ್ಯಮ್ಮನ ಅತ್ತೆ ಹಿಂದೆ ಸರಿದಳು: “ಯಜಮಾನ್ತೇರು ಬಂದ್ಬುಟ್ರು, ದಾರಿ ಬಿಡ್ರಮ್ಮ.”

ಜಗಲಿಯಿಂದ ಕಂಡ ಜವರಪ್ಪನವರು ಕಾಲೆಳೆಯುತ್ತ ಬಂದು, ತುಂಬಿದ ಕೊಡವನ್ನು ಎತ್ತಿ ಬಾಣಂತಿ ಮನೆಯ ಕೊಡಕ್ಕೆ ಸುರಿದರು. ಎಲ್ಲರೆದುರು. ಕೊನೆಯ ಹನಿಯವರೆಗೆ.

“ಬೀದಿಗೆಲ್ಲ ನೀರು, ಎಂಡ್ತಿಗೆ ಬರೀ ಕೊಡ!” ಎಂದಳು ಮನೆಗೆ ಬಂದು.

“ನಮ್ ಕೊಡ ಮುಂದ್ಕೋದ್ರೆ ನಾಳಿಂದ ನನ್ ಮಾತ್ ಯಾರ್ ಕೇಳಾರಮ್ಮಿ?”

ಮಧ್ಯಾಹ್ನ ಮುದ್ದೆ ಬಡಿಸಿಟ್ಟು ಹಿತ್ತಲಿಗೆ ಹೋಗಿ ಕೂತಳು. ಅವರು ಬಾಗಿಲಿಗೆ ಬಂದು ಕೇಳಿದರು: “ನೀನ್ ಉಂಡ್ಯಾ?”

ಅವಳು ಬೆನ್ನು ತಿರುಗಿಸಿ ಬರಿಗೊಡವನ್ನು ಉಜ್ಜತೊಡಗಿದಳು.

ಅವರು ತಟ್ಟೆ ಮುಚ್ಚಿಟ್ಟು, ಸಾಯಂಕಾಲ ಕೋಟು ಹಾಕಿಕೊಂಡು ಹೊರಟರು. ಜಗಳದವರಿಬ್ಬರೂ ಉಂಡು ಬಂದಿದ್ದರು. ಉಣ್ಣದವರು ನ್ಯಾಯ ಹೇಳುವವರೊಬ್ಬರೇ. ಮಾತಿನ ನಡುವೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ಜೇಬಿನಲ್ಲಿ ಎಲೆ ಎರಡೂ ಹಾಗೇ ಇದ್ದವು.

ತಿಥಿ ಕಳೆದ ಮೇಲೆ, ಹೊಸ ಯಜಮಾನ ಚೆಲುವಯ್ಯ ಪಂಚಾಯ್ತಿ ಸೇರಿಸಿ ಮಹದೇವಮ್ಮನ ಬಗ್ಗೆ ತೀರ್ಮಾನ ಹೇಳಿದ: “ಅಕ್ಕಯ್ಯನ ಕೊಡ ಇನ್ಮೇಲೆ ಮೊದ್ಲು ಕಣ್ರಪ್ಪ.” ಯಾರೂ ಇಲ್ಲವೆನ್ನಲಿಲ್ಲ. ಭಾಗ್ಯಮ್ಮನ ಅತ್ತೆಯೇ ಅದನ್ನು ಒಯ್ದು ಮುಂದೆ ಇಡುತ್ತಾಳೆ.

ಮೊಹರಿಲ್ಲದ, ಕುರ್ಚಿಯಿಲ್ಲದ ಇಂಥ ಯಜಮಾನರ ಮಾತು ನಿಲ್ಲುವುದು ಅವರ ಮನೆಯ ಕೊರತೆಯ ಮೇಲೆ. ಆ ಕೊರತೆಯನ್ನು ಹೊರುವವರು ಅವರೊಬ್ಬರೇ ಅಲ್ಲ.

ದಿನಾ ಬೆಳಗ್ಗೆ ಮಹದೇವಮ್ಮ ಆ ಕೊಡವನ್ನು ಎತ್ತಿ, ಸಾಲಿನ ಕೊನೆಗೆ ಇಡುತ್ತಾಳೆ. ಬಂದಷ್ಟು ನೀರು ಹೊತ್ತು ತರುತ್ತಾಳೆ.