ಮದುವೆಯ ಪೀಪಾಯಿ

"ಇದು ಯಾವ ಹೂವು?" ಎಂದು ಆರ್ಮಾಂಡ್ ಟಿಬೋ ಬಿಯರಿನ ಲೋಟ ಮೂಸಿ ಕೇಳಿದಾಗ ವೆಂಡೆಲ್‌ನ ಕಿವಿ ಬಿಸಿಯಾಯಿತು.

ಬೇರೆ ಯಾರಾದರೂ ಕೇಳಿದ್ದರೆ ಸಹಿಸಬಹುದಿತ್ತು. ಆರ್ಮಾಂಡ್ ಬೀಗನಾಗಲಿದ್ದವನು. ಅಜ್ಜನ ಕಾಲದಿಂದ ಯಾಕಿಮಾ ಕಣಿವೆಯಲ್ಲಿ, ಬಿಯರಿಗೆ ಕಹಿ ಮತ್ತು ಘಮ ಕೊಡುವ ಹಾಪ್ ಬೆಳೆದ ಮನೆಯವನು. ವೆಂಡೆಲ್ ತನ್ನ ಬಿಯರಿಗೆ ಹಾಕಿದ್ದು ಅವನದೇ ಹೊಲದ ಹಾಪ್ ಹೂವು, ಅವನೇ ಚೀಲ ಕಟ್ಟಿ ಕಳಿಸಿದ್ದು. ಆ ಮನುಷ್ಯ ಮೂಗನ್ನು ಲೋಟದೊಳಕ್ಕೆ ಇಳಿಸಿ ಇನ್ನೊಮ್ಮೆ ಮೂಸಿದ. ಏನೂ ಸಿಗದೆ ಮರ್ಯಾದೆಗೆಂದು ಒಂದು ಗುಟುಕು ಕುಡಿದ.

"ನಿಮ್ದೇ ಹೂವು," ಎಂದ ವೆಂಡೆಲ್.

"ಹೌದಾ? ಓ... ಸ್ವಲ್ಪ ಸಿಹಿಯಾಗಿದೆ. ಚೆನ್ನಾಗಿದೆ, ಚೆನ್ನಾಗಿದೆ."

ವೆಂಡೆಲ್‌ನ ಗೆಳೆಯ ಎಲ್ಡನ್ ತಾನು ಹೊತ್ತು ತಂದಿದ್ದ ಉಕ್ಕಿನ ಪೀಪಾಯಿಯ ನಲ್ಲಿ ತಿರುಗಿಸಿ ಇನ್ನೊಂದು ಲೋಟ ತುಂಬಿಸಿ ಕೊಟ್ಟ. ಅದು ಆರ್ಮಾಂಡ್‌ನ ತುಟಿಯವರೆಗೂ ಹೋಗಲಿಲ್ಲ. ಅಷ್ಟರಲ್ಲೇ ಅವನು ಕೂಗಿದ: "ನದಿ ಪಕ್ಕದ ಹೊಲದ್ದು! ಕೊಯ್ಲಲ್ಲಿ ನಮ್ಮನೆ ಹಾಸಿಗೆ ದಿಂಬೆಲ್ಲಾ ಇದೇ ವಾಸನೆ ಹೊಡೆಯುತ್ತೆ ಕಣಯ್ಯಾ!"

ವೆಂಡೆಲ್‌ನ ಮಗಳು ಟೆಸ್ ಚಪ್ಪಾಳೆ ತಟ್ಟಿದಳು. "ಹಾಗಾದ್ರೆ ಮದುವೆಗೆ ಎಲ್ಡನ್ ಪೀಪಾಯಿ. ಅಪ್ಪಾ, ನಿಂಗೇನೂ ಬೇಜಾರಿಲ್ಲ ತಾನೆ?"

"ನಂಗ್ಯಾಕೆ ಬೇಜಾರು?" ಎಂದು ಅವನು ಎಷ್ಟು ಜೋರಾಗಿ ಹೇಳಿದನೆಂದರೆ ಮೇಜಿನ ಕೆಳಗೆ ಮಲಗಿದ್ದ ನಾಯಿ ಎದ್ದು ಆಚೆ ಹೋಯಿತು.

ಹೊಟ್ಟೆ ಉರಿಯುವುದಕ್ಕೆ ಕಾರಣ ಇಲ್ಲದಿರಲಿಲ್ಲ. ಎರಡೂ ಒಂದೇ ಹಂಡೆಯ ಬಿಯರು. ಇಬ್ಬರೂ ವೆಂಡೆಲ್‌ನ ಗ್ಯಾರೇಜಿನಲ್ಲಿ ಒಟ್ಟಿಗೆ ಕುದಿಸಿ, ಹುಳಿ ಬರಿಸಿ, ಸಮನಾಗಿ ಹಂಚಿಕೊಳ್ಳುತ್ತಿದ್ದರು. ಈ ವಿದ್ಯೆಯನ್ನು ಎಲ್ಡನ್‌ಗೆ ಕಲಿಸಿದ್ದೇ ವೆಂಡೆಲ್. ಕಲಿಯಲು ಬಂದಾಗ ಆ ಪುಣ್ಯಾತ್ಮನಿಗೆ ಬಾಟಲಿ ತೊಳೆಯಲೂ ಬರುತ್ತಿರಲಿಲ್ಲ. ಮೊದಮೊದಲು ಇಬ್ಬರೂ ಬಾಟಲಿಗೇ ತುಂಬುತ್ತಿದ್ದರು. ಆಮೇಲೆ ಎಲ್ಡನ್ ಪೀಪಾಯಿ ಕೊಂಡ. ಒಳಗಿನ ಗಾಳಿಯನ್ನು ಅನಿಲದಿಂದ ಹೊರದೂಡಿ, ಬಿಯರನ್ನು ಕೊಳವೆಯಲ್ಲೇ ಇಳಿಸಿ, ತಣ್ಣಗೆ ಇಟ್ಟುಬಿಡುತ್ತಿದ್ದ. ವೆಂಡೆಲ್‌ನದು ಹಳೆಯ ಕ್ರಮ: ಚಿಟಿಕೆ ಸಕ್ಕರೆ ಹಾಕಿ ಬಾಟಲಿಗೆ ತುಂಬಿ, ಬಿರಡೆ ಒತ್ತಿ, ನೊರೆ ಕಟ್ಟುವವರೆಗೆ ಬೆಚ್ಚಗೆ ಇಡುವುದು. ಬಾಟಲಿಯ ಕತ್ತಿನಲ್ಲಿ ಉಳಿದ ಒಂದಿಷ್ಟು ಗಾಳಿ ಅಷ್ಟರಲ್ಲಿ ಹೂವಿನ ಘಮವನ್ನೆಲ್ಲ ತಿಂದು ಮುಗಿಸುತ್ತಿತ್ತು. ಇದು ವೆಂಡೆಲ್‌ಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಕೇಳಿದವರಿಗೆಲ್ಲ "ಪೆಟ್ರೋಲ್ ಬಂಕ್ ಥರ ಪೈಪಲ್ಲಿ ಬಿಡೋದೂ ಒಂದು ಬಿಯರೇನ್ರೀ?" ಎನ್ನುತ್ತಿದ್ದ. ಶಿಷ್ಯ ಕೊಂಡದ್ದನ್ನು ಗುರು ಹೇಗೆ ಕೊಳ್ಳುವುದು?

ಟೆಸ್ ತೊಟ್ಟಿಲಲ್ಲಿದ್ದಾಗಲೇ ಅವನು ನೆಂಟರೆದುರು ಸಾರಿದ್ದ, ಇವಳ ಮದುವೆಗೆ ನನ್ನ ಕೈಯ ಬಿಯರೇ ಎಂದು. ಊರಿನಲ್ಲಿ ಮನೆಯಲ್ಲೇ ಬಿಯರು ಮಾಡುವ ಅಪ್ಪಂದಿರೆಲ್ಲ ಹಾಗೆಯೇ ನಡೆದುಕೊಂಡಿದ್ದರು. ಈಗ ನೆಂಟರೆಲ್ಲ ಎಲ್ಡನ್‌ನ ನಲ್ಲಿಯ ಮುಂದೆ ಸಾಲು ನಿಲ್ಲುತ್ತಾರೆ. ತಾನು ಕೋಟು ಹಾಕಿಕೊಂಡು ಪಕ್ಕದಲ್ಲಿ ಹಲ್ಲು ಕಿರಿಯಬೇಕು.

"ಅರ್ಧ ಹಂಡೆ ನಿಂದೇ ತಾನೆ? ಯಾವುದಕ್ಕೆ ತುಂಬಿದ್ರೇನು?" ಎಂದಳು ಹೆಂಡತಿ ಲೊರೇನ್.

"ನಿಂಗೆ ಅರ್ಥ ಆಗಲ್ಲ ಬಿಡು."

"ಅರ್ಥ ಆಗುತ್ತೆ. ಅದಕ್ಕೇ ಹೇಳಿದ್ದು."

ಮದುವೆಗೆಂದು ಹೊಸ ಹಂಡೆ ಕುದಿಸಿದರು. ವೆಂಡೆಲ್‌ನ ಪಾಲು ಎಂದಿನಂತೆ ಬಾಟಲಿಗೆ ಹೋಯಿತು, ಪೀಪಾಯಿ ಎಲ್ಡನ್‌ನ ಗ್ಯಾರೇಜಿನ ಫ್ರಿಜ್ಜು ಸೇರಿತು. ಮದುವೆಗೆ ಇನ್ನೂ ಎರಡು ವಾರವಿರುವಾಗ ಎಲ್ಡನ್ ಅಕ್ಕನನ್ನು ನೋಡಲು ಸ್ಪೋಕೇನಿಗೆ ಹೊರಟ. ಬೀಗದ ಕೈಯನ್ನು ವೆಂಡೆಲ್‌ನ ಅಂಗೈಗೆ ಹಾಕಿ, "ಕರೆಂಟ್ ಹೋದ್ರೆ ಸ್ವಲ್ಪ ನೋಡ್ಕೊಳೋ. ನಿನ್ನ ಬಿಟ್ರೆ ಇನ್ಯಾರ್ನ ನಂಬ್ಲಿ?" ಎಂದ.

ಕರೆಂಟ್ ಹೋಗಲಿಲ್ಲ. ವೆಂಡೆಲ್ ಮಾತ್ರ ಮಾರನೇ ಮಧ್ಯಾಹ್ನವೇ ಹೋದ.

ಬರೀ ಮೂಸಿ ನೋಡೋಣವೆಂದು ಪೀಪಾಯಿಯ ಒತ್ತಡ ಇಳಿಸಿ ಮುಚ್ಚಳ ತೆಗೆದ. ಘಮ ಎದ್ದು ಬಂತು. ಕಿತ್ತಳೆ ಸಿಪ್ಪೆ, ಹಸಿ ಹುಲ್ಲು, ಕೊಯ್ಲಿನ ದಿನಗಳಲ್ಲಿ ಲಾರಿಗಳ ಹಿಂದೆ ಊರ ತುಂಬ ಹರಡುವ ಅದೇ ವಾಸನೆ. ಇಷ್ಟು ವರ್ಷ ಹಂಡೆಯ ಮುಂದೆ ನಿಂತು ಬೆವರಿದ್ದು ಇದಕ್ಕಾಗಿಯೇ. ಅವನ ಒಂದು ಬಾಟಲಿಯಲ್ಲೂ ಇದು ಉಳಿದಿರಲಿಲ್ಲ. ಜಗ್ಗಿನಲ್ಲಿ ತುಂಬ ತೆಗೆದು ಒಂದು ಗುಟುಕು ಕುಡಿದ. ಅಳು ಬಂದಂತಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಉಳಿದದ್ದನ್ನು ಜಗ್ಗು ಎತ್ತರಕ್ಕೆ ಹಿಡಿದು ಪೀಪಾಯಿಗೇ ಸುರಿದ. ಬಿಯರು ಬುಳಬುಳನೆ ನೊರೆಯೆದ್ದು ಗಾಳಿ ಕುಡಿಯಿತು. ಮತ್ತೆ ತೆಗೆದ, ಮತ್ತೆ ಸುರಿದ. ಮನೆಯಲ್ಲಿ ಬಿಯರು ಮಾಡುವ ಯಾವನೂ ಕನಸಿನಲ್ಲೂ ಮಾಡದ ಕೆಲಸ ಅದು. ಮುಚ್ಚಳ ಹಾಕಿ, ಅನಿಲ ಬಿಟ್ಟು, ನೆಲ ಒರೆಸಿ, ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಮದುವೆ ಟಿಬೋ ಹೊಲದಲ್ಲಿ, ಎತ್ತರದ ಕಂಬಗಳಿಗೆ ಹಬ್ಬುತ್ತಿದ್ದ ಹಾಪ್ ಬಳ್ಳಿಗಳ ಪಕ್ಕದಲ್ಲಿ ನಡೆಯಿತು. ಉಂಗುರ ತೊಡಿಸಿದ್ದಾದ ಮೇಲೆ ಎಲ್ಡನ್ ಹೊಸ ಶರಟಿನ ತೋಳು ಮಡಚಿ ಮೊದಲ ಲೋಟವನ್ನು ಆರ್ಮಾಂಡ್‌ಗೆ ತುಂಬಿದ. ಆರ್ಮಾಂಡ್ ಮೂಸಿದ, ಕುಡಿದ, "ಚೆನ್ನಾಗಿದೆ" ಎಂದ. ಆಮೇಲೆ ಲೋಟವನ್ನು ಮೇಜಿನ ಅಂಚಿಗೆ ಇಟ್ಟು ನಿಂಬೆ ಪಾನಕದ ಕಡೆ ನಡೆದ.

ಎಲ್ಡನ್ ತಾನೇ ಒಂದು ಲೋಟ ಹಿಡಿದು ಬಿಸಿಲಿಗೆ ಎತ್ತಿದ. ಹೊಂಬಣ್ಣವಿರಬೇಕಿದ್ದದ್ದು ಕೊಳೆತ ಸೇಬಿನ ಬಣ್ಣಕ್ಕೆ ತಿರುಗಿತ್ತು. ಒಂದು ಗುಟುಕು ಕುಡಿದು ಅವನು ಬಿಳುಚಿಕೊಂಡ.

"ಗಾಳಿ ಹೊಕ್ಕಿದೆ ಕಣೋ ವೆಂಡೆಲ್. ಒದ್ದೆ ರಟ್ಟು ನೆಕ್ಕಿದ ಹಾಗಿದೆ. ಮುಚ್ಚಳ ಸರಿಯಾಗಿ ಕೂರಿಸ್ಲಿಲ್ವೇನೋ ನಾನು. ನಿನ್ನ ಮಗಳ ಮದುವೇಲಿ... ಥೂ, ನನ್ನ ಕೈ ಸೇದಿಹೋಗ!"

ಅವನ ಕಣ್ಣಲ್ಲಿ ನೀರು ನಿಂತಿತ್ತು. ವೆಂಡೆಲ್ ಆಗಲೇ ಬಾಯಿ ಬಿಡಬಹುದಿತ್ತು. ಅವನ ಬಾಯಿಂದ ಬಂದದ್ದು ಬೇರೆ ಮಾತು: "ಹೋಗ್ಲಿ ಬಿಡೋ. ನನ್ನ ಟ್ರಕ್ಕಲ್ಲಿ ಬಾಟಲಿ ಇದಾವೆ. ಐಸಲ್ಲಿಟ್ಟು ತಂದಿದೀನಿ."

"ದೇವ್ರು ಕಣಯ್ಯಾ ನೀನು!" ಎಂದು ಎಲ್ಡನ್ ಓಡಿದ. ಕ್ರೇಟುಗಳನ್ನು ತಾನೇ ಹೊತ್ತು ತಂದ. ಬಿರಡೆ ತೆಗೆದು ತೆಗೆದು ನೆಂಟರ ಕೈಗೆ ಕೊಡುತ್ತಾ, "ಮದುಮಗಳ ಅಪ್ಪನ ಕೈಯದ್ದು! ನನ್ನ ಗುರು ಕೈಯದ್ದು! ಬನ್ರೋ!" ಎಂದು ಸಂತೆಯಲ್ಲಿ ಕೂಗುವವನ ಹಾಗೆ ಕೂಗಿದ. ಜನ ಬಂದರು, ಕುಡಿದರು, ವೆಂಡೆಲ್‌ನ ಬೆನ್ನು ತಟ್ಟಿದರು. ಅವನು ಬಯಸಿದ್ದು ಒಂದೂ ಬಿಡದೆ ನಡೆಯುತ್ತಿತ್ತು. ಎಲ್ಡನ್ ಕೂಗಿದಾಗಲೆಲ್ಲ ಮಾತ್ರ ಅವನು ಖಾಲಿ ಕ್ರೇಟು ಜೋಡಿಸಲೆಂದು ಬಗ್ಗುತ್ತಿದ್ದ.

ಟೆಸ್ ಬಿಳಿ ಉಡುಪನ್ನು ಹುಲ್ಲಿನಿಂದ ಎತ್ತಿ ಹಿಡಿದು ಬಂದು ಅಪ್ಪನ ತೋಳಿಗೆ ಜೋತುಬಿದ್ದಳು.

"ಮರ್ಯಾದೆ ಉಳಿಸ್ದೆ ಅಪ್ಪಾ. ಇಷ್ಟು ಕ್ರೇಟು, ಅದೂ ಐಸ್ ಹಾಕಿ! ಬೇಕಾಗುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ವೆಂಡೆಲ್ ನಕ್ಕ.

ಮೇಜಿನ ಆಚೆ ಎಲ್ಡನ್‌ನ ಕೈ ಅರ್ಧ ಎತ್ತಿದ ಬಿರಡೆಯ ಮೇಲೆ ನಿಂತಿತು. ಅವನು ವೆಂಡೆಲ್‌ನನ್ನು ನೋಡಿದ. ವೆಂಡೆಲ್ ಬಳ್ಳಿಗಳ ಕಡೆ ನೋಡಿದ. ಕೊನೆಗೆ ಬಿರಡೆ ಕಳಚಿತು. ನೊರೆ ಉಕ್ಕಿ ಎಲ್ಡನ್‌ನ ಬೆರಳುಗಳ ಮೇಲಿಂದ ಹೊಸ ಶರಟಿನ ತೋಳಿಗೆ ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಆ ಬಾಟಲಿಯನ್ನು ವೆಂಡೆಲ್‌ನ ಮುಂದಿಟ್ಟು, ಸಾಲಿನಲ್ಲಿದ್ದ ಮುಂದಿನವರಿಗಾಗಿ ಇನ್ನೊಂದನ್ನು ಕೈಗೆತ್ತಿಕೊಂಡ.