ನಿನ್ನೆಯ ರುಚಿ

ಆ ಬೆಳಿಗ್ಗೆ ತೀರ್ಮಾನವಾಗಬೇಕಿದ್ದ ಪ್ರಶ್ನೆ ಸಾಮಾನ್ಯದ್ದಲ್ಲ: ಇಂದಿನ ಬಿಯರ್ ನಿನ್ನೆಯ ಬಿಯರಿನಂತೆಯೇ ಇದೆಯೇ? ಚೆನ್ನಾಗಿದೆಯೇ ಎಂದು ಆ ಕಾರ್ಖಾನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ಹೆಚ್ಚು ಚೆನ್ನಾಗಿದ್ದರೆ ಅದೂ ದೋಷವೇ.

ತೀರ್ಪು ಕೊಡುವವರನ್ನು ಎಲ್ಲರೂ ‘ಮೂಗು ಸಾಹೇಬರು’ ಎನ್ನುತ್ತಿದ್ದರು. ಬಿಳಿ ಗೋಡೆಯ ರುಚಿಕೋಣೆಯಲ್ಲಿ ಕೂತು ಅವರು ತಣ್ಣಗಿಲ್ಲದ ಬಿಯರ್ ಕುಡಿಯುತ್ತಿದ್ದರು; ತಣ್ಣಗಿದ್ದರೆ ತಪ್ಪುಗಳು ಅಡಗಿಕೊಳ್ಳುತ್ತವೆ. ಮುಖದಲ್ಲಿ ಏನನ್ನೂ ತೋರಿಸಬಾರದೆಂಬುದು ಅಲ್ಲಿನ ನಿಯಮ. ಆ ನಿಯಮ ಅವರ ಹಿಂದೆಯೇ ಮನೆಗೂ ಬಂದಿತ್ತು. “ಉಪ್ಪು ಹಾಕಿದ್ರೂ ಅದೇ ಮುಖ, ಮರೆತ್ರೂ ಅದೇ ಮುಖ. ಗೋಡೆಗೆ ಬಡಿಸಿದ ಹಾಗೆ,” ಎನ್ನುತ್ತಿದ್ದರು ಹೆಂಡತಿ.

ಮೊದಲ ಗುಟುಕಿಗೇ ಗೊತ್ತಾಯಿತು. ಬೆಣ್ಣೆಯ ವಾಸನೆ. ತೊಟ್ಟಿಯಲ್ಲಿ ಪೂರ್ತಿ ಮಾಗುವ ಮೊದಲೇ ಹೊರತೆಗೆದ ಬಿಯರು. ಆತುರಪಟ್ಟವನು ಅವರ ತಂಗಿಯ ಗಂಡ, ಹುದುಗಿಸುವ ವಿಭಾಗದ ಮುಖ್ಯಸ್ಥ; ಬಾಗಿಲಲ್ಲೇ ನಿಂತಿದ್ದ.

“ಭಾವ, ಮೇಲಿನವರು ಬೇಗ ಬೇಗ ಅಂತ ಪ್ರಾಣ ತಿಂದ್ರು. ಹೋದ ಸಲ ಒಂದು ತೊಟ್ಟಿ ಚರಂಡಿಗೆ ಸುರಿದಿದ್ದನ್ನೇ ಅವರಿನ್ನೂ ಮರೆತಿಲ್ಲ. ಇದೂ ಹೋದ್ರೆ ಅದರ ಹಿಂದೇನೇ ನನ್ನನ್ನೂ ಸುರೀತಾರೆ.”

“ನನ್ನ ಮೂಗು ಏನು ಮಾಡ್ಬೇಕು?”

“ನೆಗಡಿ ಅಂದ್ಕೊಳ್ಳಿ. ನಿಮ್ಮ ತಂಗಿ ಮುಖ ನೋಡಿ.”

“ಅವಳ ಮುಖಾನೇ ನೋಡ್ತಿರೋದು. ನಿಮ್ಮ ಮುಖ ನೋಡಿದ್ದಿದ್ರೆ ಆಗ್ಲೇ ಉಗುಳ್ತಿದ್ದೆ.”

‘ನಿನ್ನೆಯಂತೆಯೇ ಇದೆ’ ಎಂದು ಬರೆದು ಸಹಿ ಹಾಕಿದರು. ಬದುಕಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದರು. ಆ ಮೇಜಿನ ಮೇಲೆ ಇದೇ ಮೊದಲನೆಯದು.

ಲಾರಿಗಳು ಹೊರಟವು. ಆಮೇಲೆ ಫೋನು ಬಂದಾಗಲೆಲ್ಲ ಯಾರದೋ ದೂರು ಎಂದುಕೊಂಡೇ ಎತ್ತುತ್ತಿದ್ದರು. ತಡೆಯಲಾರದೆ ಒಂದು ಸಂಜೆ ಬಾರಿಗೇ ಹೋಗಿ, ಅದೇ ಬಾಟಲಿ ಹಿಡಿದಿದ್ದ ಪಕ್ಕದವನನ್ನು ಕೇಳಿದರು, “ಹೇಗಿದೆ?”

ಅವನು ಯೋಚಿಸಿ ಹೇಳಿದ, “ತಣ್ಣಗಿದೆ.”

ಮುಂದಿನ ವಾರ ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಕೇಂದ್ರ ಕಚೇರಿಯ ಹೊಸ ಯಂತ್ರ, ತಡವಾಗಿಯಾದರೂ, ಆ ಬೆಣ್ಣೆಯ ವಾಸನೆಯನ್ನು ಹಿಡಿದಿತ್ತು.

“ಯಂತ್ರಕ್ಕೆ ಗೊತ್ತಾಗಿದ್ದು ನಿಮಗೆ ಗೊತ್ತಾಗ್ಲಿಲ್ಲ ಸಾಹೇಬ್ರೇ. ವಯಸ್ಸಾಯ್ತು, ಏನ್ ಮಾಡೋಕಾಗುತ್ತೆ. ತಮಾಷೆ ಅಂದ್ರೆ, ಕುಡಿದವರಲ್ಲೂ ಒಬ್ಬನೂ ತುಟಿ ಪಿಟಕ್ ಅಂದಿಲ್ಲ.”

‘ನನಗೆ ಗೊತ್ತಾಗಿತ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಪಕ್ಕದ ಕುರ್ಚಿಯಲ್ಲಿ ತಂಗಿಯ ಗಂಡ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಅವನೇ ಹೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ಕಾದರು. ಅವನು ಹೇಳಲಿಲ್ಲ. ಅವರೂ ಹೇಳಲಿಲ್ಲ.

ಮೂಗು ಸಾಹೇಬರನ್ನು ಮನೆಗೆ ಕಳಿಸಿದ ಮೇಲೆ ರುಚಿಕೋಣೆಯಲ್ಲಿ ಖಾಲಿ ಕ್ರೇಟುಗಳನ್ನು ಪೇರಿಸಿದ್ದಾರೆ. ಯಾರಿಂದಲೂ ದೂರು ಬಾರದ್ದರಿಂದ ಬಿಯರನ್ನು ಬೇಗ ಹೊರತೆಗೆಯುವುದೇ ಕಾರ್ಖಾನೆಯ ಪದ್ಧತಿಯಾಗಿದೆ. ಅದನ್ನು ಮೊದಲು ಮಾಡಿ ತೋರಿಸಿದ್ದಕ್ಕೆ ತಂಗಿಯ ಗಂಡನಿಗೆ ಬಡ್ತಿ ಸಿಕ್ಕಿತು.