ನಲವತ್ತೇಳನೆಯ ಸಾಲು

ನಲವತ್ತೇಳನೆಯ ಸಾಲು ಮಾತ್ರ ಬಾಡದೆ ನಿಂತಿತ್ತು. ಅಕ್ಕಪಕ್ಕದ ಸೋಯಾ ಗಿಡಗಳೆಲ್ಲ ಮಧ್ಯಾಹ್ನದ ಬಿಸಿಲಿಗೆ ಎಲೆ ಮಗುಚಿ ಜೋತುಬಿದ್ದಿದ್ದವು. ಹೂ ಬಿಟ್ಟ ದಿನದಿಂದ ಪರೀಕ್ಷೆಗೆಂದೇ ಈ ಹೊಲಕ್ಕೆ ನೀರು ಬಂದ್. ಹದಿನೆಂಟು ದಿನ ಕಳೆದಿತ್ತು. ಅಂಕ ಬರೆಯುವ ಹಾಳೆ ಹಿಡಿದು ರೆತ್ನೊ ಸಾಲಿನ ಮುಂದೆ ನಿಂತಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಗಂಡ ತೀರಿಹೋದ ಮೇಲೆ ಅವಳಿಗೆ ಯಾವುದೂ ಮನಸ್ಸಿಗೆ ತಟ್ಟುತ್ತಿರಲಿಲ್ಲ.

ಆ ಸಾಲಿನ ತಳಿ ಅವಳ ಗಂಡ ಹಾರ್ಯೊನೊನದೇ. ಏಳು ವರ್ಷದ ಕೆಳಗೆ ಹೂವಿಗೆ ಹೂವು ಮುಟ್ಟಿಸಿ ಅವನೇ ಮಾಡಿದ್ದು. ಈಗ ಅದೇ ಬೀಜವನ್ನು ವಿಯೆಟ್ನಾಂ, ಥಾಯ್ಲೆಂಡಿನವರೂ ತಮ್ಮ ಹೊಲಗಳಲ್ಲಿ ಬಿತ್ತಿದ್ದರು. ಮೂರೂ ಕಡೆ ನೀರಿಲ್ಲದೆ ತಾಳಿಕೊಂಡ ತಳಿಯಷ್ಟೇ ಮುಂದಕ್ಕೆ. ಒಂದು ಕಡೆಯ ಅಂಕ ಕೈಕೊಟ್ಟರೂ ಪಟ್ಟಿಯಿಂದ ಹೊರಗೆ. ಆ ಎರಡೂ ಕಡೆ ಗೆದ್ದಾಗಿತ್ತು. ಉಳಿದದ್ದು ತಮ್ಮದೇ ದೇಶದ, ಮಲಾಂಗ್ ಊರಾಚೆಯ ಈ ಹೊಲ.

ಎಲೆ ಮುಟ್ಟಲು ಬಗ್ಗಿದಾಗ ಬುಡದಲ್ಲಿ ಗುಲಾಬಿ ಎಸಳು ಕಂಡವು. ಮಣ್ಣಿಗೆ ಬೆರಳಿಟ್ಟಳು. ತಣ್ಣಗಿತ್ತು.

"ತುಮಿರಾ ಅಜ್ಜಿ, ಏನಿದು?"

ಹೊಲದ ಕೆಲಸದ ಮುದುಕಿ ಟೋಪಿ ಸರಿಮಾಡಿಕೊಳ್ಳುತ್ತ ಬಂದಳು. "ಮೊನ್ನೆ ಯಜಮಾನ್ರದ್ದು ನಲವತ್ತನೇ ದಿನ ಅಲ್ವೇನಮ್ಮಾ? ಗೋರಿಗೆ ಹೂವು ನೀರು ಹಾಕಣಾಂದ್ರೆ ದಿಬ್ಬ ಹತ್ತೋಕೆ ಈ ಹಾಳು ಮಂಡಿ ಬಿಡ್ಲಿಲ್ಲ. ಅವ್ರು ಅಲ್ಲೆಲ್ಲಿರ್ತಾರೆ, ಇಲ್ಲೇ ಇರ್ತಾರೆ ಅಂತ ಈ ಸಾಲಿಗೇ ಹಾಕ್ದೆ."

"ಎಷ್ಟು?"

"ಮೂರು ಬಕೆಟ್ಟು. ಬದುಕಿದ್ದಾಗ ಒಂದ್ ಲೋಟ ಟೀ ಕುಡಿಯೋಕೂ ಪುರುಸೊತ್ತಿರ್ಲಿಲ್ಲ ಮಹಾರಾಯಂಗೆ." ರೆತ್ನೊಳ ಮುಖ ನೋಡಿ ಮುದುಕಿಯ ದನಿ ಇಳಿಯಿತು. "ತಪ್ಪಾಯ್ತಾ?"

ನೀರಿಲ್ಲದೆಯೂ ನಿಲ್ಲುತ್ತಿತ್ತೋ ಏನೋ. ಇನ್ನು ಗೊತ್ತಾಗುವಂತಿರಲಿಲ್ಲ.

"ನಾನಂತೂ ಬಾಯಿ ಬಿಡಲ್ಲ ಕಣಮ್ಮಾ," ಎಂದಳು ತುಮಿರಾ, ಎಸಳು ಆರಿಸುತ್ತ. "ಬರ್ಕೊಂಡ್ಬಿಡು. ಹಸ್ರಾಗಿರೋದನ್ನ ಹಸ್ರು ಅಂತ ಬರದ್ರೆ ಸುಳ್ಳೇನಲ್ಲ."

ಬರೆದರೆ ಮುಂದಿನ ವರ್ಷ ತಳಿಗೆ ಹಾರ್ಯೊನೊನ ಹೆಸರು. ಕೇಳುವವರು ಯಾರೂ ಇಲ್ಲ. ಆದರೆ ಅವನೇ ಒಮ್ಮೆ ಅವಳ ಇಡೀ ಹಂಗಾಮಿನ ಅಂಕಗಳನ್ನು, ಪೈಪು ಸೋರಿ ಹೊಲಕ್ಕೆ ನೀರು ನುಗ್ಗಿತೆಂದು, ಹರಿದು ಬಿಸಾಡಿದ್ದ. ಎರಡು ದಿನ ಮಾತು ಬಿಟ್ಟಿದ್ದಳು. ಆ ಸಿಟ್ಟಾದರೂ ಈಗ ಬರಲಿ ಎಂದು ಕಾದಳು. ಬರಲಿಲ್ಲ.

"ನೀರು ಬಿದ್ದಿದೆ, ಕೈಬಿಡಿ" ಎಂದು ಬರೆದು ಅಡ್ಡಗೆರೆ ಎಳೆದಳು. ಅದರ ಫೋಟೊ ತೆಗೆದು ಆ ಎರಡೂ ದೇಶದವರಿಗೆ ಕಳಿಸಿದಳು.

ಮುದುಕಿ ಹೆಗಲ ಬಟ್ಟೆ ಬಾಯಿಗಿಟ್ಟುಕೊಂಡು ಅಳತೊಡಗಿದಳು. "ಎಲ್ಲಾ ಕೆಡಿಸ್ಬಿಟ್ಟೆ ನಾನು."

"ಬಕೆಟ್ ಎಲ್ಲಿದೆ ಅಜ್ಜಿ?"

"ಯಾಕಮ್ಮಾ?"

ರೆತ್ನೊ ತಾನೇ ಹೋಗಿ ತೊಟ್ಟಿಯಿಂದ ತುಂಬಿಸಿ ತಂದಳು. ನಲವತ್ತೆಂಟನೆಯ ಸಾಲಿಗೆ ಹನಿಯೂ ಸಿಡಿಯದಂತೆ ಕೂತು, ಗಂಡನ ಸಾಲಿನ ಒಂದೊಂದೇ ಗಿಡದ ಬುಡಕ್ಕೆ ಬೊಗಸೆಯಲ್ಲಿ ಹಾಕುತ್ತ ಹೋದಳು.